ನಡೆದು ತೋರಿಸುವವನು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತ ಯಾರಿಗಾದರೂ ಡಾಕ್ಟರು ಬೆನ್ನಿಗೆ ಆಪರೇಷನ್ ಆಗಬೇಕು ಎಂದರೆ, ಅವರು ಮೊದಲು ಮಾಡುತ್ತಿದ್ದ ಕೆಲಸ ಕೊಪ್ಪಕ್ಕೆ ಬಂದು ಯಶವಂತ ನಡೆಯುವುದನ್ನು ನೋಡುವುದು.

ಇದನ್ನು ಯಾರೂ ನಿಯಮ ಮಾಡಿದ್ದಲ್ಲ, ತಾನಾಗಿ ಆದದ್ದು. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನದು ಸ್ಪ್ರೇಯರ್, ಪಂಪು, ಕಳೆ ಕತ್ತರಿಸುವ ಮಷೀನುಗಳ ರಿಪೇರಿ ಅಂಗಡಿ. ಒಂದು ಡೀಸೆಲ್ ಪಂಪನ್ನು ಒಬ್ಬನೇ ಎತ್ತುತ್ತೇನೆಂದು ಹೋಗಿ ಸೊಂಟದ ಡಿಸ್ಕ್ ಜಾರಿಸಿಕೊಂಡಿದ್ದ. ಜೀಪಿನಲ್ಲಿ ಮಲಗಿಕೊಂಡು ಘಟ್ಟ ಇಳಿದವನು ಆಪರೇಷನ್ ಮುಗಿಸಿ ತನ್ನ ಕಾಲ ಮೇಲೆ ವಾಪಸ್ ಬಂದ. ಬೆನ್ನುಮೂಳೆಗೆ ಕತ್ತರಿ ಹಾಕಿಸಿಕೊಂಡವರು ಮತ್ತೆ ಏಳುವುದಿಲ್ಲ ಎಂದು ನಂಬಿದ್ದ ಜನಕ್ಕೆ ಇದನ್ನು ಕಣ್ಣಾರೆ ನೋಡಬೇಕೆನಿಸಿತು. ಬಂದರು, ನೋಡಿದರು, ಇನ್ನೊಬ್ಬರಿಗೆ ಹೇಳಿದರು.

ಯಶವಂತನಿಗೆ ಬೇಸರವಿರಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅಂಗಡಿಯಿಂದ ಟೀ ಕ್ಯಾಂಟೀನಿನ ತನಕ ನಡೆದು ವಾಪಸ್ ಬರುತ್ತಿದ್ದ. ಆಮೇಲೆ ಪ್ಯಾಂಟ್ ಮೇಲೆತ್ತಿ, ಮೊಣಕಾಲಿನ ಕೆಳಗಿನಿಂದ ಪಾದದ ಅಡಿಯವರೆಗೆ ಬರುವ ಬಿಳಿ ಪ್ಲಾಸ್ಟಿಕ್ ಸ್ಪ್ಲಿಂಟನ್ನೂ ತೋರಿಸುತ್ತಿದ್ದ. ಬಲಪಾದ ಮೇಲಕ್ಕೆ ಏಳುವುದಿಲ್ಲ. ಸ್ಪ್ಲಿಂಟ್ ಹಾಕಿ ಶೂ ತೊಟ್ಟರೆ ಯಾರಿಗೂ ಗೊತ್ತಾಗದು, ತೆಗೆದರೆ ಪಾದ ಜೋತುಬಿದ್ದು ನೆಲಕ್ಕೆ ಟಪ್ ಟಪ್ ಬಡಿಯುತ್ತದೆ. ಇದಕ್ಕೆ ಕಾರಣ ಏನು ಎಂಬುದನ್ನೂ ಮುಚ್ಚಿಡದೆ ಹೇಳಿ ಕಳಿಸುತ್ತಿದ್ದ.

ಮುಚ್ಚಿಟ್ಟದ್ದು ಒಂದೇ ದಿನ, ಅದೊಂದು ಭಾನುವಾರ. ಅದೂ ಅಮ್ಮನ ಮಾತಿಗೆ.

ಈಚೆಗೆ ಈ ಕಡೆ ಗಂಡು ಹೆಣ್ಣನ್ನು ನೋಡಲು ಹೋಗುವ ಕಾಲ ಮುಗಿದಿದೆ. ಹೆಣ್ಣಿನ ಕಡೆಯವರೇ ಮೊದಲು ಬಂದು ಮನೆ ನೋಡುತ್ತಾರೆ, ಗಂಡನ್ನು ನೋಡುತ್ತಾರೆ, ಬಾತ್‌ರೂಮಿನ ನಲ್ಲಿ ತಿರುಗಿಸಿಯೂ ನೋಡುತ್ತಾರೆ. ಮೂವತ್ತೆಂಟು ದಾಟಿದ ಯಶವಂತನ ಮನೆಗೆ ಅವತ್ತು ನರಸಿಂಹರಾಜಪುರದ ಕಡೆಯಿಂದ ಒಂದು ಸಂಬಂಧ ಬರುವುದಿತ್ತು. ಅಮ್ಮ ಗಿರಿಯಮ್ಮ ಬೆಳಿಗ್ಗೆಯೇ ಸ್ಪ್ಲಿಂಟನ್ನು ಕಪಾಟಿಗೆ ಹಾಕಿ ಬಾಗಿಲು ಹಾಕಿದರು.

"ಆ ಡಬ್ಬಿ ಕಾಲು ಕಂಡ್ರೆ ಯಾರು ಒಪ್ತಾರೆ ಮಾರಾಯ? ಅವರು ಬರೋ ಮೊದಲೇ ಕುರ್ಚಿ ಮೇಲೆ ಕೂತ್ಕೊ. ಅವರು ಹೋಗೋ ತನಕ ಏಳಬೇಡ."

"ನಾಳೆ ಗೊತ್ತಾಗಲ್ವಾ ಅಮ್ಮ?"

"ನಾಳೆದು ನಾಳೆ ನೋಡಾಣ."

ಯಶವಂತ ಕೂತ. ಮಷೀನುಗಳ ವಿಷಯದಲ್ಲಿ ಯಾರ ಮಾತನ್ನೂ ಕೇಳದವನು ಮದುವೆಯ ವಿಷಯದಲ್ಲಿ ಅಮ್ಮನ ಮಾತು ಮೀರುತ್ತಿರಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಒಂದು ಆಟೋ ಬಂದು ನಿಂತಿತು. ಇಳಿದವರು ಇಬ್ಬರೇ. ಬಿಳಿ ಅಂಗಿಯ ಹಿರಿಯರು ತಿಮ್ಮಣ್ಣ. ಅವರ ಜೊತೆ ಅವರ ಅಣ್ಣನ ಮಗಳು ವನಮಾಲಾ, ಮೂವತ್ತೈದರ ಆಸುಪಾಸಿನ ಹೆಂಗಸು. ನೀಲಿ ದುಪಟ್ಟಾವನ್ನು ತಲೆಗೆ ಸುತ್ತಿ ಎಡಗೆನ್ನೆ ಮುಚ್ಚಿಕೊಂಡಿದ್ದಳು.

"ನರಸಿಂಹರಾಜಪುರದಿಂದ ಬಂದ್ವಿ. ಯಶವಂತ ಅಂದ್ರೆ..." ಎಂದು ತಿಮ್ಮಣ್ಣ ಶುರುಮಾಡುವಷ್ಟರಲ್ಲಿ, "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೆವು" ಎಂದು ಗಿರಿಯಮ್ಮ ಒಳಗೆ ಕರೆದರು. ಊರಲ್ಲಿ ಕೇಳಿದ್ದಕ್ಕಿಂತ ಒಳ್ಳೆಯ ಜನ ಎಂದುಕೊಂಡು ತಿಮ್ಮಣ್ಣ ಚಪ್ಪಲಿ ಬಿಟ್ಟರು.

"ಕೂಸು ಎಂತ ಮಾಡ್ತಾ ಇದಾಳೆ?" ಎಂದರು ಗಿರಿಯಮ್ಮ, ವನಮಾಲಾಳ ಕಡೆ ನೋಡಿ.

"ಅಲ್ಲೇ ಮೆಡಿಕಲ್ ಶಾಪ್. ಬಿ.ಫಾರ್ಮ್ ಓದಿದಾಳೆ."

"ಒಳ್ಳೇದಾಯ್ತು. ಮನೇಲಿ ಔಷಧ ಗೊತ್ತಿದ್ದೋರು ಒಬ್ಬರು ಇರಬೇಕು" ಎಂದು ಗಿರಿಯಮ್ಮ ಕೇಸರಿಬಾತಿನ ತಟ್ಟೆ, ಕಾಫಿ ತಂದಿಟ್ಟರು.

ವನಮಾಲಾ ತಟ್ಟೆ ಮುಟ್ಟಲಿಲ್ಲ. ಕಾಫಿ ಆರಿ ಕೆನೆ ಕಟ್ಟಿತು. ಗಿರಿಯಮ್ಮ ಫ್ಯಾನ್ ಹಾಕಿದ ಕೂಡಲೇ ಅವಳು ಎದ್ದು ಹೋಗಿ ತಾನೇ ಆರಿಸಿ ಬಂದು ಕೂತಳು. ಕೇಳಿದ ಪ್ರಶ್ನೆಗೆಲ್ಲ ಚಿಕ್ಕಪ್ಪನೇ ಉತ್ತರ ಹೇಳಿದರು. ಯಶವಂತ ಎರಡು ಸಲ ಅವಳ ಕಡೆ ನೋಡಿದ. ಎರಡು ಸಲವೂ ಅವಳು ಅವನ ಮುಖ ಬಿಟ್ಟು ಕಾಲನ್ನೇ ನೋಡುತ್ತಿದ್ದಳು. ಕಣ್ಣು ದೊಡ್ಡದು, ರೆಪ್ಪೆ ಬಹಳ ನಿಧಾನವಾಗಿ ಬಡಿಯುತ್ತಿತ್ತು. ತುಟಿ ಮಾತ್ರ ಹೊಲಿದ ಹಾಗೆ. ಇಷ್ಟವಿಲ್ಲ ಎಂಬುದನ್ನು ಇಷ್ಟು ನೇರವಾಗಿ ತೋರಿಸುವವರನ್ನು ಅವನು ಕಂಡಿರಲಿಲ್ಲ.

ಆಮೇಲೆ ಅವಳು ಬಾಯಿ ಹೆಚ್ಚು ತೆರೆಯದೆ, ಬಲಗಡೆಯ ತುಟಿಯಿಂದ ಒಂದೇ ಮಾತು ಆಡಿದಳು.

"ಒಂದ್ಸಲ ನಡೆದು ತೋರಿಸ್ತೀರಾ?"

ಗಿರಿಯಮ್ಮನ ಮುಖ ಕಪ್ಪಿಟ್ಟಿತು. ಸಂತೆಯಲ್ಲಿ ಎತ್ತು ಕೊಳ್ಳುವವರು ಕೇಳುವ ಹಾಗೆ ಕೇಳಿದಳಲ್ಲ ಎಂದು ಯಶವಂತನಿಗೆ ಅವಮಾನವಾಯಿತು. ಅವಮಾನದ ಜೊತೆಗೆ ಹಟವೂ ಬಂತು. ನೋಡಲಿ ಎಂದು ಎದ್ದ. ಬರಿಗಾಲಲ್ಲಿ ಬಾಗಿಲ ತನಕ ನಡೆದ. ಪಾದ ಟಪ್ ಟಪ್ ಎಂದಿತು. ತಿರುಗುವಾಗ ಬೆರಳು ಚಾಪೆಯ ಅಂಚಿಗೆ ಸಿಕ್ಕಿ ಮುಗ್ಗರಿಸಿದ, ಗೋಡೆ ಹಿಡಿದು ನಿಂತ.

ವನಮಾಲಾಳ ಕಣ್ಣು ತುಂಬಿತು. ಚಿಕ್ಕಪ್ಪನ ತೋಳು ಮುಟ್ಟಿ ಎದ್ದಳು.

ಆಟೋ ಹತ್ತುವಾಗ ತಿಮ್ಮಣ್ಣ ಕೈ ಮುಗಿದರು. "ನೋಡಿದ್ದು ಒಳ್ಳೇದೇ ಆಯ್ತು ಮಾರಾಯ. ಮುಂದಿನ ತಿಂಗಳು ಇವಳಿಗೆ ತಲೆ ಆಪರೇಷನ್ ಅಂತ ಡೇಟ್ ಕೊಟ್ಟಿದ್ರು. ನಿನ್ನ ನೋಡಿ ಧೈರ್ಯ ತಗೊಳ್ಳಾಣ ಅಂತ ಬಂದಿದ್ದು. ಬೆನ್ನಿಗೇ ಹಿಂಗಾದ್ರೆ ತಲೆಗೆ ಎಂತ ಆಗ್ತದೋ. ಬ್ಯಾಡ ಅಂತ ಹೇಳಿಬಿಡ್ತೇವೆ."

ಯಶವಂತನಿಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಆಟೋ ಹೊರಟಿತ್ತು. ಓಡಿ ನಿಲ್ಲಿಸೋಣವೆಂದರೆ ಸ್ಪ್ಲಿಂಟ್ ಕಪಾಟಿನಲ್ಲಿತ್ತು.

ನಿಜವಾಗಿ ಬರಬೇಕಿದ್ದವರು ಮಧ್ಯಾಹ್ನ ಫೋನ್ ಮಾಡಿದರು. ಹುಡುಗನ ಕಾಲಿನ ವಿಷಯ ತಿಳಿಯಿತು, ಬರುವುದಿಲ್ಲ ಎಂದರು. ಗಿರಿಯಮ್ಮ ಕೇಸರಿಬಾತನ್ನು ಪಕ್ಕದ ಮನೆಗೆ ಕೊಟ್ಟು ಬಂದರು. ಯಶವಂತನಿಗೆ ಆ ಸಂಬಂಧ ತಪ್ಪಿದ್ದು ತಲೆಗೇ ಹೋಗಲಿಲ್ಲ. ತನ್ನ ನಡಿಗೆ ನೋಡಿ ಒಬ್ಬಳು ಆಪರೇಷನ್ ಬಿಟ್ಟಳು ಎಂಬುದೊಂದೇ ರಾತ್ರಿಯಿಡೀ ಕಾಡಿತು.

ಮಾರನೆಯ ದಿನ ಅಂಗಡಿ ತೆರೆಯದೆ ನರಸಿಂಹರಾಜಪುರದ ಬಸ್ಸು ಹತ್ತಿದ. ಹುಡುಕುವುದು ಕಷ್ಟವಾಗಲಿಲ್ಲ. ದುಪಟ್ಟಾದಲ್ಲಿ ಕೆನ್ನೆ ಮುಚ್ಚಿಕೊಳ್ಳುವ ಮೆಡಿಕಲ್ ಶಾಪಿನವರು ಎಂದದ್ದೇ, ಮುಖದ ನೋವಿನ ಮೇಡಂ ತಾನೇ ಎಂದು ದಾರಿ ತೋರಿಸಿದರು.

ಅವಳು ಕೌಂಟರಿನ ಹಿಂದೆ ಇದ್ದಳು, ಅದೇ ನೀಲಿ ದುಪಟ್ಟಾ. ಅವನನ್ನು ಕಂಡು ಹುಬ್ಬು ಸ್ವಲ್ಪ ಏರಿತು, ಅಷ್ಟೆ. ಕೈ ಎತ್ತಿ ತಾಳಿ ಎಂದಳು. ಗಿರಾಕಿಗಳಿಗೂ ಅವಳಿಗೂ ಮಾತೇ ಇರಲಿಲ್ಲ. ಮಾತ್ರೆಯ ಕವರಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಲೆಕ್ಕದಲ್ಲಿ ಒಂದು, ಸೊನ್ನೆ ಬರೆದು ಕೊಡುತ್ತಿದ್ದಳು, ಅವರು ತಲೆಯಾಡಿಸಿ ಹೋಗುತ್ತಿದ್ದರು.

"ಇವತ್ತು ಕಾಲಿಗೆ ಸ್ಪ್ಲಿಂಟ್ ಹಾಕಿದೀನಿ. ಇನ್ನೊಂದ್ಸಲ ನೋಡ್ತೀರಾ?" ಎಂದ ಯಶವಂತ.

ಉತ್ತರಕ್ಕೆ ಕಾಯದೆ ಕೌಂಟರಿನಿಂದ ತೂಕದ ಮಷೀನಿನ ತನಕ ನಡೆದ, ತಿರುಗಿ ಬಂದ. ಒಂದು ಕುರ್ಚಿ ಎತ್ತಿ ಆಚೆಗಿಟ್ಟ. ಗಿರಾಕಿಗಳು ಜಾಗ ಬಿಟ್ಟು ನಿಂತು ನೋಡಿದರು.

"ಸೊಂಟ ಹಿಡಿದಾಗ ಆಪರೇಷನ್ನಿಗೆ ಹೆದರಿದೆ. ಎಣ್ಣೆ ತಿಕ್ಕಿಸ್ಕೊಂಡು ಇಡೀ ಮಳೆಗಾಲ ಕಳೆದೆ. ಪಾದ ಹೋಗಿದ್ದು ಆಗ. ನರ ಅಷ್ಟು ದಿನ ಒತ್ತಿಕೊಂಡಿದ್ರೆ ಬಿಡಿಸಿದ್ರೂ ಪೂರ್ತಿ ಏಳಲ್ಲ ಅಂತ ಡಾಕ್ಟ್ರು ಬಯ್ದರು. ಆಪರೇಷನ್ನಿಂದ ನೋವು ಹೋಯ್ತು, ಎದ್ದು ಓಡಾಡೋ ಹಂಗಾದೆ. ಕಾಲು ಹೋಗಿದ್ದು ನಾನು ಕಾದಿದ್ದಕ್ಕೆ."

ಅವಳು ಒಂದು ಖಾಲಿ ಕವರ್ ಎಳೆದುಕೊಂಡು ಬರೆದು ಅವನ ಕಡೆ ತಿರುಗಿಸಿದಳು. ನಿನ್ನೆಯೇ ಯಾಕೆ ಹೇಳಲಿಲ್ಲ?

ಯಶವಂತನ ಕಿವಿ ಬಿಸಿಯಾಯಿತು. "ನಿನ್ನೆ... ನಮ್ಮನೇಲಿ ನೀವು ನನಗೆ ಸಂಬಂಧ ನೋಡೋಕೆ ಬಂದೋರು ಅಂದ್ಕೊಂಡಿದ್ರು. ನಾನೂ."

ವನಮಾಲಾ ಅವನನ್ನೇ ನೋಡಿದಳು. ಕೇಸರಿಬಾತು, ಮನೇಲಿ ಔಷಧ ಗೊತ್ತಿದ್ದವರು ಇರಬೇಕೆಂಬ ಮಾತು, ಇಸ್ತ್ರಿ ಅಂಗಿ ಹಾಕಿ ಅಲ್ಲಾಡದೆ ಕೂತಿದ್ದ ಇವನು, ಎಲ್ಲ ಒಂದೊಂದಾಗಿ ಅವಳ ಕಣ್ಣಲ್ಲಿ ಹಾದುಹೋದದ್ದು ಅವನಿಗೇ ಕಂಡಿತು. ತುಟಿಯ ಬಲತುದಿ ನಕ್ಕಿತು. ನಗು ಎಡಕ್ಕೆ ಮುಟ್ಟಿದ್ದೇ ತಡ, ಅವಳು ಕಲ್ಲಾದಳು.

ಕೈ ಕೆನ್ನೆಯ ಹತ್ತಿರ ಗಾಳಿಯಲ್ಲೇ ನಿಂತಿತು, ಮುಟ್ಟಲೂ ಆಗದೆ. ಎಡಗಣ್ಣಿಂದ ನೀರು ಇಳಿಯಿತು. ಗಿರಾಕಿಗಳು ಚೀಟಿ ಹಿಡಿದುಕೊಂಡು ಸುಮ್ಮನೆ ನಿಂತರು, ಅವರಿಗೆ ಇದು ಹೊಸದಲ್ಲ. ಯಶವಂತನಿಗೆ ಹೊಸದು. ನೋವು ಏನೆಂದು ತನಗೆ ಗೊತ್ತು ಅಂದುಕೊಂಡಿದ್ದ. ಒಂದು ನಗುವಿಗೆ ಇಷ್ಟು ಬೆಲೆ ಕೊಡಬೇಕಾದವರನ್ನು ನೋಡಿರಲಿಲ್ಲ. ಆ ಕ್ಷಣದಲ್ಲೇ ಅವನಿಗೆ ಅವಳ ಮೇಲೆ ಮನಸ್ಸಾಯಿತು. ಅದು ಕನಿಕರ ಎಂದು ಕೆಲವು ದಿನ ತನ್ನನ್ನೇ ನಂಬಿಸಿಕೊಂಡ, ಅದು ಬೇರೆ.

"ತಪ್ಪಾಯ್ತು. ಇನ್ನು ನಗಿಸಲ್ಲ" ಎಂದ, ನೋವು ಇಳಿದ ಮೇಲೆ.

ಅವಳು ಕಣ್ಣೊರೆಸಿಕೊಂಡು ಕವರಿನ ಮೇಲೆ ಬರೆದಳು. 0 - 0 - 1. ಬೆಳಿಗ್ಗೆ ಬೇಡ, ಮಧ್ಯಾಹ್ನ ಬೇಡ. ನಗಿಸುವುದು ಆಮೇಲೆ ಆಗಬಹುದು.

ಆ ಕವರ್ ಅವನ ಅಂಗಿಜೇಬಿನಲ್ಲಿ ಕೊಪ್ಪಕ್ಕೆ ಬಂತು.

ಅಲ್ಲಿಂದ ಗಿರಿಯಮ್ಮನ ಬೀಪಿ ಮಾತ್ರೆ ನರಸಿಂಹರಾಜಪುರದಿಂದಲೇ ಬರತೊಡಗಿತು. ಕೊಪ್ಪದಲ್ಲಿ ಬೀದಿಗೊಂದು ಮೆಡಿಕಲ್ ಶಾಪ್ ಇದೆ. ಆದರೂ ಅವನು ಹೋಗುತ್ತಿದ್ದ, ಒಂದೇ ಪಟ್ಟಿ ಕೊಳ್ಳುತ್ತಿದ್ದ, ಗಿರಾಕಿ ಕಡಿಮೆಯಾಗುವ ತನಕ ತೂಕದ ಮಷೀನಿನ ಪಕ್ಕ ನಿಲ್ಲುತ್ತಿದ್ದ. ಅವಳು ಬರೆಯುತ್ತಿದ್ದಳು. ನೋವು ಬಿಟ್ಟುಕೊಟ್ಟ ಹೊತ್ತಿನಲ್ಲಿ ಬಲತುಟಿಯಿಂದ ನಾಲ್ಕು ಮಾತು ಆಡುತ್ತಿದ್ದಳು. ಮೊದಲು ಹಲ್ಲುನೋವು ಎಂದುಕೊಂಡು ಎರಡು ದವಡೆಹಲ್ಲು ಕೀಳಿಸಿದ್ದು, ನೋವು ಹಾಗೇ ಉಳಿದದ್ದು. ಮುಖದ ನರದ ಮೇಲೆ ಒಂದು ರಕ್ತನಾಳ ಒರಗಿಕೊಂಡಿದೆ ಎಂದು ಸ್ಕ್ಯಾನಿಂಗಿನಲ್ಲಿ ಕಂಡದ್ದು. ಕಿವಿಯ ಹಿಂದೆ ಸಣ್ಣ ಕಿಂಡಿ ಕೊರೆದು, ನರಕ್ಕೂ ನಾಳಕ್ಕೂ ನಡುವೆ ಮೆತ್ತೆಯ ಹಾಗೆ ಒಂದು ಚೂರು ಇಡುತ್ತಾರಂತೆ. ಹೆಚ್ಚಿನವರಿಗೆ ನೋವು ಪೂರ್ತಿ ಹೋಗುತ್ತದೆ. ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಬರುತ್ತದೆ. ಅಪರೂಪಕ್ಕೆ ಒಬ್ಬರಿಗೆ ಆ ಕಡೆಯ ಕಿವಿ ಹೋಗುತ್ತದೆ.

"ಏನಾಗಲ್ಲ ಅಂತ ನೀವೂ ಹೇಳಿ" ಎಂದಳು ಒಂದು ದಿನ.

"ನನಗೆ ಗೊತ್ತಿಲ್ಲ. ನನ್ನದು ಬೆನ್ನು, ನಿಮ್ಮದು ತಲೆ."

"ಎಲ್ರೂ ಧೈರ್ಯ ಹೇಳ್ತಾರೆ. ನೀವೊಬ್ರೇ ಹೇಳಲ್ಲ." ಅವಳು ರೆಪ್ಪೆ ಎತ್ತಿ ನೋಡಿದಳು. ಅದರಲ್ಲಿ ದೂರು ಇರಲಿಲ್ಲ. ಅವನೇ ಮೊದಲು ಕಣ್ಣು ತಪ್ಪಿಸಿ ತೂಕದ ಮಷೀನಿನ ಮುಳ್ಳು ನೋಡಿದ.

ಅವಳು ಮತ್ತೆ ಡೇಟ್ ತೆಗೆದುಕೊಂಡದ್ದು ನೋವಿಗಲ್ಲ. ನೋವಿಗೆ ನುಂಗುತ್ತಿದ್ದ ಮಾತ್ರೆ ತಲೆ ಮಂಕು ಮಾಡುತ್ತಿತ್ತು. ಒಬ್ಬರ ಶುಗರ್ ಮಾತ್ರೆ ಇನ್ನೊಬ್ಬರ ಕವರಿಗೆ ಹಾಕಿ, ಅವರು ಮೆಟ್ಟಿಲು ಇಳಿಯುವಾಗ ಹೊಳೆದು ಓಡಿಹೋಗಿ ತಂದಿದ್ದಳು. "ನೋವು ನಂದು, ಹೆಂಗೋ ತಡ್ಕೊಳ್ತೇನೆ. ಮಾತ್ರೆ ಬೇರೆಯವರದ್ದು" ಎಂದಳು. ಆಮೇಲೆ ಕವರಿನ ಮೇಲೆ ಬರೆದಳು. ನೀವು ಬರ್ತೀರಾ?

ಅವನು ಅವಳ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ 1 ಎಂದು ಬರೆದ.

ಆಪರೇಷನ್ನಿನ ದಿನ ಆಸ್ಪತ್ರೆಯ ಹಾಲಿನಲ್ಲಿ ಅವನನ್ನು ಕಂಡು ತಿಮ್ಮಣ್ಣನಿಗೆ ಆಶ್ಚರ್ಯವಾಯಿತು. "ನೀನೆಂತಕ್ಕೆ ಬಂದೆ ಮಾರಾಯ?"

"ಒಂದು ಕಾರ್ಬುರೇಟರ್ ಬೇಕಿತ್ತು. ಘಟ್ಟದ ಕೆಳಗೇ ಸಿಗೋದು."

ತಿಮ್ಮಣ್ಣ ಸುತ್ತಲೂ ನೋಡಿದರು. "ಇಲ್ಲಿ ಸಿಗ್ತದಾ?"

ನರ್ಸ್ ಬಂದು, ನೀವು ಪೇಷೆಂಟಿಗೆ ಏನಾಗಬೇಕು ಎಂದು ಕೇಳಿದಾಗ ಯಶವಂತನ ಬಾಯಿಗೆ ಉತ್ತರ ಬರಲಿಲ್ಲ. ಪರಿಚಯದವರು ಎಂದರು ತಿಮ್ಮಣ್ಣ. ಪರಿಚಯದವರಿಗೆ ಬಾಗಿಲ ಈಚೆಯೇ ಜಾಗ. ಅಲ್ಲಿ ಕೂತು ಯಶವಂತ ಹೆದರಿದ. ತನ್ನ ಬೆನ್ನಿನ ಆಪರೇಷನ್ನಿಗೂ ಅಷ್ಟು ಹೆದರಿರಲಿಲ್ಲ. ಅವಳು ಒಳಗೆ ಹೋದದ್ದು ತನ್ನ ನಡಿಗೆಯನ್ನು ನಂಬಿ. ಏನಾದರೂ ಹೆಚ್ಚುಕಡಿಮೆಯಾದರೆ ಇನ್ನು ಯಾರ ಮುಂದೆಯೂ ನಡೆದು ತೋರಿಸಲಾರೆ ಎಂದುಕೊಂಡ.

ಸಂಜೆ ಡಾಕ್ಟರು ಹೊರಗೆ ಬಂದು, ನಾಳ ಬಿಡಿಸಿ ಮೆತ್ತೆ ಇಟ್ಟಿದ್ದೇವೆ, ಎಲ್ಲ ಸಲೀಸಾಗಿ ಆಯಿತು ಎಂದರು. ವಾರ್ಡಿಗೆ ತಂದ ಮೇಲೆ ತಿಮ್ಮಣ್ಣನೇ ಅವನನ್ನು ಕರೆದರು.

ತಲೆಗೆ ಪಟ್ಟಿ, ಮುಖ ಬಿಳಿಚಿತ್ತು. ದುಪಟ್ಟಾ ಇರಲಿಲ್ಲ. ಅವಳ ಎಡಗೆನ್ನೆಯನ್ನು ಅವನು ನೋಡಿದ್ದು ಅದೇ ಮೊದಲು. ದವಡೆಯ ಹತ್ತಿರ ಒಂದು ಸಣ್ಣ ಮಚ್ಚೆ ಇತ್ತು.

"ಫ್ಯಾನ್ ಹಾಕಿ" ಎಂದಳು.

ಅವನು ಹಾಕಿದ. ಗಾಳಿ ಬಂತು. ಅವಳು ಕಣ್ಣು ಮುಚ್ಚಿ ಆ ಕೆನ್ನೆಯನ್ನು ಗಾಳಿಗೆ ಒಡ್ಡಿದಳು. ಬಹಳ ಹೊತ್ತು ಹಾಗೇ ಇದ್ದಳು. ಯಶವಂತ ಮಂಚದ ಎಡಕ್ಕೆ ನಿಂತು, ನೋಯ್ತಾ ಇದೆಯಾ ಎಂದು ಕೇಳಿದ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕೇಳಿದ. ಆಮೇಲೆ ಏನೋ ಹೊಳೆದು, ಮಂಚ ಸುತ್ತಿಕೊಂಡು ಬಲಕ್ಕೆ ಹೋಗಿ ಕೇಳಿದ.

"ನೋಯ್ತಾ ಇಲ್ಲ" ಎಂದಳು. ಅವನು ನಡೆದು ಬಂದ ದಾರಿಯನ್ನು ನೋಡಿ, ಮೊದಲು ಎಲ್ಲಿ ನಿಂತಿದ್ದನೆಂದು ಅವಳಿಗೂ ತಿಳಿಯಿತು. "ಆ ಕಡೆ ಏನೂ ಕೇಳ್ತಾ ಇಲ್ಲ."

ಕಿವಿ ಕೇಳುವುದು ವಾಪಸ್ ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ಬರಲಿಲ್ಲ.

ಯಶವಂತನ ಬೀಪಿ ಮಾತ್ರೆಯ ಓಡಾಟ ನಿಂತಿತು. ನೋಡುವುದಕ್ಕೆ ಬಂದವರಿಗೂ, ಬೇರೆ ಯಾರನ್ನಾದರೂ ನೋಡಿ ಎಂದು ಹೇಳಿ ಕಳಿಸಿದ. ಕೇಳಿದರೆ ಕೆಲಸ ಹೆಚ್ಚು ಎನ್ನುತ್ತಿದ್ದ. ನಿಜ ಬೇರೆ. ಅವಳ ಎಡಕಿವಿಯ ಕಡೆ ನಿಲ್ಲುವ ಮುಖ ಅವನಿಗೆ ಇರಲಿಲ್ಲ.

ಕೊನೆಗೆ ಅವಳೇ ಬಂದಳು. ಬಸ್ಸಿನ ಕಿಟಕಿ ಪಕ್ಕ ಕೂತು ಬಂದಿದ್ದಳು, ಕೂದಲು ಕೆದರಿತ್ತು. ಅವನು ಒಂದು ಸ್ಪ್ರೇಯರ್ ಬಿಚ್ಚಿಕೊಂಡು ಕೂತಿದ್ದ.

"ಅಮ್ಮಂಗೆ ಬೀಪಿ ವಾಸಿ ಆಯ್ತಾ?"

ಯಶವಂತ ಎದ್ದ. ಕೈ ತುಂಬ ಗ್ರೀಸು. ಅಷ್ಟರಲ್ಲಿ ಅಂಗಡಿಯ ಮುಂದೆ ವಯಸ್ಸಾದ ಹೆಂಗಸೊಬ್ಬರು ಬಂದು ನಿಂತರು. ಹೆಸರು ಶೇಷಮ್ಮ, ಊರು ನೆಮ್ಮಾರ್. ಸೆರಗನ್ನು ಬಲಗೆನ್ನೆಗೆ ಒತ್ತದೆ, ಬರೀ ಅಡ್ಡ ಹಿಡಿದುಕೊಂಡಿದ್ದರು. ವನಮಾಲಾಳಿಗೆ ಅಷ್ಟು ಕಂಡದ್ದೇ ಸಾಕಾಯಿತು. ಆಪರೇಷನ್ ಆದವರನ್ನು ನೋಡಬೇಕಿತ್ತು ಎಂದು ಅವರು ಹಲ್ಲು ಕಚ್ಚಿಕೊಂಡು ಹೇಳುವಷ್ಟರಲ್ಲಿ ಇವಳು ಸ್ಟೂಲ್ ಎಳೆದು ಕೂರಿಸಿದ್ದಳು.

"ಇವರನ್ನಲ್ಲ, ನನ್ನ ನೋಡಿ. ನಿಮ್ಮದೂ ನಂದೂ ಒಂದೇ. ನೋವು ಪೂರ್ತಿ ಹೋಯ್ತು. ಬಿಸಿ, ತಣ್ಣಗಿದ್ದದ್ದು ಎಲ್ಲ ತಿಂತೇನೆ. ಎಡಕಿವಿ ಹೋಯ್ತು, ಅದೂ ನಿಜ. ಎಲ್ಲರಿಗೂ ಹಂಗಾಗಲ್ಲ, ನನಗಾಯ್ತು. ನಾಳೆ ಮತ್ತೆ ಕೇಳಿದ್ರೂ ಮಾಡಿಸ್ಕೊಳ್ತೇನೆ." ಕೊನೆಯ ಮಾತನ್ನು ಅವಳು ಶೇಷಮ್ಮನ ಕಡೆ ನೋಡಿ ಹೇಳಲಿಲ್ಲ.

ಯಶವಂತ ಸ್ಪ್ರೇಯರಿನ ಕೊಳವೆ ಹಿಡಿದುಕೊಂಡೇ ನಿಂತಿದ್ದ. ಎದೆಯ ಮೇಲಿನ ಭಾರ ಇಳಿದದ್ದು ಅವನಿಗೆ ಗೊತ್ತಾಯಿತು.

"ಮುಟ್ಟಿದ್ರೆ?" ಎಂದರು ಶೇಷಮ್ಮ.

ವನಮಾಲಾ ತನ್ನ ಬೆರಳಿಂದ ಕೆನ್ನೆ ಒತ್ತಿ ತೋರಿಸಿದಳು.

"ನಮ್ಮ ಕೈ ನಮಗೆ ಗೊತ್ತಿರ್ತದೆ. ಬೇರೆಯವರು ಮುಟ್ಟಿದ್ರೆ?"

ವನಮಾಲಾ ಯಶವಂತನ ಕಡೆ ತಿರುಗಿದಳು. "ಮುಟ್ಟಿ ತೋರಿಸಿ."

ಅವನು ಬಟ್ಟೆಚೂರಿನಲ್ಲಿ ಕೈ ಒರೆಸಿಕೊಂಡ. ಸಾಲದೆಂದು ಇನ್ನೊಂದರಲ್ಲಿ ಒರೆಸಿಕೊಂಡ. ಹತ್ತಿರ ಬಂದು ನಿಧಾನವಾಗಿ, ಮೊದಲು ಬೆರಳ ತುದಿ, ಆಮೇಲೆ ಪೂರ್ತಿ ಅಂಗೈ ಇಟ್ಟ. ಅವಳು ಬೆಚ್ಚಲಿಲ್ಲ. ಕೆನ್ನೆಯ ಭಾರವನ್ನೆಲ್ಲ ಅಂಗೈಗೆ ಬಿಟ್ಟಳು. ಹೆಬ್ಬೆರಳ ಕೆಳಗೆ ಆ ಸಣ್ಣ ಮಚ್ಚೆ ಸಿಕ್ಕಿತು.

"ಸಾಕು, ನಂಬಿಕೆ ಬಂತು" ಎಂದರು ಶೇಷಮ್ಮ.

ಅವನು ಕೈ ತೆಗೆಯಲಿಲ್ಲ. ಅವಳೂ ತೆಗೆಯಿರಿ ಎನ್ನಲಿಲ್ಲ. ಶೇಷಮ್ಮ ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು. "ನೀನು ಇವಳಿಗೆ ಎಂತ ಆಗಬೇಕು ಮಾರಾಯ?"

ಆಸ್ಪತ್ರೆಯಲ್ಲಿ ಕೇಳಿದ್ದೇ ಪ್ರಶ್ನೆ. ಈ ಸಲ ಬಾಯಿಗೆ ಬಂತು. "ಗಂಡ ಆಗಬೇಕು ಅಂತ ಆಸೆ. ಇನ್ನೂ ಕೇಳಿಲ್ಲ."

ವನಮಾಲಾ ಮೊದಲು ಬಲಕ್ಕೆ ನಕ್ಕಳು. ಅಲ್ಲಿ ನಿಲ್ಲಲಿಲ್ಲ, ನಗು ಅವನ ಅಂಗೈಯ ಕೆಳಗೂ ಹರಿಯಿತು. ಅವಳ ಪೂರ್ತಿ ನಗು ಅವನು ಕಂಡಿರಲಿಲ್ಲ, ಎಡಗಡೆ ಒಂದು ಗುಳಿ ಬೀಳುತ್ತಿತ್ತು.

ಅಷ್ಟರಲ್ಲಿ ಗಿರಿಯಮ್ಮ ಮಗನಿಗೆ ಕಾಫಿ ತುಂಬಿದ ಫ್ಲಾಸ್ಕ್ ಹಿಡಿದು ಬಂದರು. ಮಗನ ಕೈ ನೋಡಿದರು, ವನಮಾಲಾಳನ್ನು ನೋಡಿದರು, ಸ್ಟೂಲಿನ ಮೇಲಿನ ಹೊಸ ಹೆಂಗಸನ್ನು ನೋಡಿದರು. ಒಂದು ಸಲ ಮಾಡಿದ ತಪ್ಪನ್ನು ಮತ್ತೆ ಮಾಡುವವರಲ್ಲ ಅವರು. ಫ್ಲಾಸ್ಕಿನ ಮುಚ್ಚಳಕ್ಕೆ ಕೈ ಹಾಕುವ ಮೊದಲೇ ಕೇಳಿದರು.

"ಯಾರ್ಯಾರು ಎಂತಕ್ಕೆ ಬಂದಿದ್ದು? ಈ ಸಲ ಮೊದಲೇ ಹೇಳಿಬಿಡಿ."

"ಇವರು ಆಪರೇಷನ್ ವಿಷಯಕ್ಕೆ ಬಂದಿದ್ದು" ಎಂದಳು ವನಮಾಲಾ. "ನಾನು ಸಂಬಂಧ ನೋಡೋಕೆ."

ಕಾಫಿ ಬಗ್ಗಿಸಿಕೊಟ್ಟರು. ಅವಳು ಬಿಸಿಬಿಸಿಯಾಗಿಯೇ, ಪೂರ್ತಿ ಕುಡಿದಳು.